ರಬ್ಬರ್ ಹಾಲಿಗೆ ಹಾಕುವ ಫಾರ್ಮಿಕ್ ಆಮ್ಲ: ಗುಣ, ಉಪಯೋಗ ಮತ್ತು ಜಾಗರೂಕತೆ

(ಗ್ರಾಮಗಳ ಜಮೀನುದಾರರಿಗೂ ಮುಖಂಡರಿಗೂ ಮಾಡಿದ ಉಪನ್ಯಾಸ)



ಭರತಖಂಡದಲ್ಲಿ ವ್ಯಾಪಾರದ ಉದ್ದೇಶದಿಂದ ರಬ್ಬರ್ ತೋಟವು ಮೊದಲು ಹುಟ್ಟಿದ್ದು 1902ರಲ್ಲಿ, ಕೇರಳದ ಪೆರಿಯಾರ್ ನದಿಯ ದಡದ ತಟ್ಟೆಕ್ಕಾಡಿನಲ್ಲಿ. ಆ ಬೆಳೆಯು ಕ್ರಮೇಣ ದಕ್ಷಿಣ ಕನ್ನಡ, ಕೊಡಗು ಮತ್ತು ಮಲೆನಾಡಿನ ಸೀಮೆಗಳಿಗೂ ಹಬ್ಬಿ, ಅಡಿಕೆ ಮೆಣಸುಗಳ ಜೊತೆಗೆ ಸಣ್ಣ ಹಿಡುವಳಿದಾರರ ಜೀವನಕ್ಕೂ ಆಧಾರವಾಗಿದೆ. ಬೆಳೆಯೊಡನೆ ಒಂದು ಹೊಸ ಪದಾರ್ಥವೂ ಮನೆಯೊಳಗೆ ಬಂದಿದೆ. ತೋಟಗಳಲ್ಲಿ ಎಲ್ಲರೂ ಅದನ್ನು ಸುಮ್ಮನೆ "ಆಸಿಡ್" ಎನ್ನುತ್ತಾರೆ. ಅದರ ನಿಜವಾದ ಹೆಸರು ಫಾರ್ಮಿಕ್ ಆಮ್ಲ. ಅದಿಲ್ಲದೆ ಒಳ್ಳೆಯ ಶೀಟು ಆಗುವುದು ಕಷ್ಟ. ಅದನ್ನು ಅಜಾಗರೂಕತೆಯಿಂದ ಇಟ್ಟರೆ ಮನೆಗೇ ಕೇಡು. ಆದಕಾರಣ ಅದರ ಗುಣದೋಷಗಳನ್ನು ಯಜಮಾನನಾದವನು ಚೆನ್ನಾಗಿ ಅರಿತಿರಬೇಕು.

ಆಮ್ಲದ ಗುಣಗಳು

ಮಲೆನಾಡಿನ ಮರಗಳಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯ ಪರಿಚಯ ಎಲ್ಲರಿಗೂ ಉಂಟು. ಅದು ಕಚ್ಚಿದ ಕಡೆ ಉರಿ ಏಳುವುದಕ್ಕೆ ಈ ಆಮ್ಲವೇ ಕಾರಣ. ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ ಫಾರ್ಮಿಕಾ ಎಂದು ಹೆಸರು. ಅದರಿಂದಲೇ ಆಮ್ಲಕ್ಕೂ ಆ ನಾಮಧೇಯ ಬಂದಿತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ರೇ ಎಂಬ ಪಂಡಿತನು ಇರುವೆಗಳನ್ನು ಭಟ್ಟಿ ಇಳಿಸಿ ಇದನ್ನು ಪಡೆದ ವೃತ್ತಾಂತವನ್ನು ಬರೆದಿಟ್ಟನು. ಈಗ ಅದು ಕಾರ್ಖಾನೆಗಳಲ್ಲಿ ತಯಾರಾಗುತ್ತದೆ.

ಇದು ನೀರಿನಂತೆ ಬಣ್ಣವಿಲ್ಲದ್ದು, ಮೂಗಿಗೆ ಚುಚ್ಚುವ ಘಾಟುಳ್ಳದ್ದು, ನೀರಿನಲ್ಲಿ ಯಾವ ಪ್ರಮಾಣದಲ್ಲಾದರೂ ಬೆರೆಯತಕ್ಕದ್ದು. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕಿಂತ ಇದರ ಆಮ್ಲಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚು. ಅಂಗಡಿಯಲ್ಲಿ ದೊರೆಯುವ ಮಾಲು ಸಾಮಾನ್ಯವಾಗಿ ನೂರಕ್ಕೆ 85ರಷ್ಟು ತೀಕ್ಷ್ಣವಾದದ್ದು. ಚರ್ಮಕ್ಕೆ ತಗುಲಿದರೆ ಸುಟ್ಟ ಗಾಯ, ಕಣ್ಣಿಗೆ ಸಿಡಿದರೆ ದೃಷ್ಟಿಗೆ ಹಾನಿ, ಆವಿಯನ್ನು ಸೇವಿಸಿದರೆ ಗಂಟಲು ಮತ್ತು ಶ್ವಾಸಕೋಶಗಳಲ್ಲಿ ಉರಿ ಉಂಟಾಗುತ್ತವೆ.

ಹಾಲನ್ನು ಗಟ್ಟಿಮಾಡುವ ಕ್ರಮ

ರಬ್ಬರ್ ಹಾಲಿನಲ್ಲಿ ರಬ್ಬರಿನ ಅತಿಸೂಕ್ಷ್ಮವಾದ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಆಮ್ಲವು ಸೇರಿದೊಡನೆ ಆ ತಳ್ಳುವ ಶಕ್ತಿಯು ಅಡಗಿ, ಹುಳಿ ಹಿಂಡಿದ ಹಸುವಿನ ಹಾಲು ಒಡೆಯುವಂತೆ, ಕಣಗಳು ಕೂಡಿ ಗಟ್ಟಿಯಾಗುತ್ತವೆ. ಆಮ್ಲ ಹಾಕದೆ ಬಿಟ್ಟರೂ ಹಾಲು ತಾನಾಗಿ ಹುಳಿಯುವುದುಂಟು. ಆದರೆ ಅದರಿಂದ ದುರ್ವಾಸನೆಯುಳ್ಳ, ಸಮನಲ್ಲದ ಮಾಲು ಸಿಕ್ಕಿ ಬೆಲೆ ಇಳಿಯುತ್ತದೆ.

ಕ್ರಮವು ಹೀಗಿದೆ. ಸೋಸಿದ ಹಾಲಿಗೆ ಶುದ್ಧವಾದ ನೀರನ್ನು ಸೇರಿಸಿ, ಒಣ ರಬ್ಬರಿನ ಅಂಶವು ನೂರಕ್ಕೆ ಹನ್ನೆರಡೂವರೆಯಷ್ಟಾಗುವಂತೆ ತೆಳುವಾಗಿಸಬೇಕು. ಇಂಥ ನಾಲ್ಕು ಲೀಟರ್ ಹಾಲಿನಿಂದ ಅರ್ಧ ಕಿಲೋ ತೂಕದ ಒಂದು ಶೀಟು ಆಗುತ್ತದೆ. ಆಮ್ಲವನ್ನು ಇದ್ದಂತೆಯೇ ಎಂದಿಗೂ ಹಾಲಿಗೆ ಸುರಿಯಬಾರದು. ಎರಡು ಲೀಟರ್ ನೀರಿಗೆ 10 ಮಿಲಿಲೀಟರ್‌ನಂತೆ ಬೆರೆಸಿದರೆ ನೂರಕ್ಕೆ ಅರ್ಧದಷ್ಟು ತೀಕ್ಷ್ಣತೆಯ ತೆಳು ಆಮ್ಲವಾಗುತ್ತದೆ. ಅದರಲ್ಲಿ ಸುಮಾರು 400 ಮಿಲಿಲೀಟರನ್ನು ಒಂದು ಶೀಟಿನ ಹಾಲಿಗೆ ಹಾಕಿ, ನೊರೆ ಏಳದಂತೆ ನಿಧಾನವಾಗಿ ಕಲಕಿ, ಮೇಲೆ ಬಂದ ನೊರೆಯನ್ನು ತೆಗೆದುಬಿಡಬೇಕು.

ಹೆಚ್ಚು ಹಾಕಿದರೆ ಬೇಗ ಆಗುವುದೆಂಬ ಆತುರವು ನಷ್ಟಕ್ಕೆ ದಾರಿ. ಆಮ್ಲ ಮಿತಿಮೀರಿದರೆ ಶೀಟು ತಡವಾಗಿ ಒಣಗಿ, ಅದರ ಗುಣವು ಕೆಡುತ್ತದೆ. ಬೆಲೆ ಕಡಮೆಯೆಂದು ಕೆಲವರು ಗಂಧಕಾಮ್ಲವನ್ನು ಉಪಯೋಗಿಸುವುದೂ ಉಂಟು. ಫಾರ್ಮಿಕ್ ಆಮ್ಲವು ತೊಳೆಯುವಾಗ ಮತ್ತು ಹೊಗೆಮನೆಯಲ್ಲಿ ಒಣಗುವಾಗ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಗಂಧಕಾಮ್ಲವಾದರೋ ಆವಿಯಾಗದೆ ಶೀಟಿನಲ್ಲಿ ಉಳಿದು ರಬ್ಬರನ್ನು ಕ್ಷೀಣಿಸುತ್ತದೆ. ಇವೆರಡನ್ನೂ ಒಂದೇ ಕಡೆ ಇಡಲೇಬಾರದು; ತೀಕ್ಷ್ಣವಾದ ಗಂಧಕಾಮ್ಲವು ಫಾರ್ಮಿಕ್ ಆಮ್ಲಕ್ಕೆ ಬೆರೆತರೆ ಇಂಗಾಲದ ಮಾನಾಕ್ಸೈಡ್ ಎಂಬ, ವಾಸನೆಯೇ ಇಲ್ಲದ ವಿಷವಾಯು ಹುಟ್ಟುತ್ತದೆ.

ಬಳಸುವಾಗಿನ ಜಾಗರೂಕತೆ

ಡಬ್ಬಿಯನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ ತೆರೆಯಬೇಕು. ಬಿಸಿಲುಕಾಲದಲ್ಲಿ ಒಳಗೆ ಒತ್ತಡ ಕೂಡಿರಬಹುದು. ಕೈಗೆ ಗವಸು, ಕಣ್ಣಿಗೆ ಕನ್ನಡಕ ಅವಶ್ಯ. ಮೊದಲು ನೀರು, ಆಮೇಲೆ ಆಮ್ಲ; ಆಮ್ಲದ ಮೇಲೆ ನೀರನ್ನು ಸುರಿಯಕೂಡದು. ಕೊಳವೆಯನ್ನು ಬಾಯಿಯಿಂದ ಎಳೆದು ಆಮ್ಲವನ್ನು ತೆಗೆಯುವ ಅಭ್ಯಾಸವು ಬಹಳ ಅಪಾಯಕರ. ಅಳತೆಗೆ ಗಾಜಿನ ಪಾತ್ರೆಯನ್ನೇ ಇಟ್ಟುಕೊಂಡು, ಅದನ್ನು ಬೇರೆ ಯಾವುದಕ್ಕೂ ಉಪಯೋಗಿಸಬಾರದು. ತೀಕ್ಷ್ಣ ಆಮ್ಲವನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು. ಗಟ್ಟಿಯಾದ ಹಾಲಿನಿಂದ ಬಸಿದ ಹುಳಿನೀರನ್ನು ಬಾವಿಗಾಗಲಿ ಹಳ್ಳಕ್ಕಾಗಲಿ ಬಿಡದೆ ಬೇರೆ ಗುಂಡಿಗೆ ಹರಿಸತಕ್ಕದ್ದು.

ಮನೆಯಲ್ಲಿ ಇಡುವ ವಿಷಯ

ಹತ್ತು ಶೀಟು ಮಾಡುವ ಮನೆಗೆ ದಿನಕ್ಕೆ ಬೇಕಾದ ತೀಕ್ಷ್ಣ ಆಮ್ಲವು ಕೇವಲ 20 ಮಿಲಿಲೀಟರ್. ಆ ಲೆಕ್ಕದಲ್ಲಿ ಐದು ಲೀಟರಿನ ಡಬ್ಬಿಯು 250 ದಿನಗಳಿಗೆ ಸಾಲುತ್ತದೆ. ಎಂದರೆ ಆಮ್ಲವು ಕೆಲಸದಲ್ಲಿರುವ ಕಾಲವು ದಿನಕ್ಕೆ ಕೆಲವು ನಿಮಿಷ. ಮನೆಯಲ್ಲಿ ಸುಮ್ಮನೆ ಕುಳಿತಿರುವ ಕಾಲವು ಹಗಲು ರಾತ್ರಿ. ದೊಡ್ಡ ಅಪಾಯವಿರುವುದು ಈ ಸುಮ್ಮನೆ ಇರುವ ಕಾಲದಲ್ಲಿಯೇ.

ಕೇರಳದ ರಬ್ಬರ್ ಸೀಮೆಯ ಆಸ್ಪತ್ರೆಗಳಲ್ಲಿ ಈ ಆಮ್ಲವನ್ನು ಕುಡಿದು ಪ್ರಾಣ ಕಳೆದುಕೊಂಡವರನ್ನು ಕುರಿತು ವೈದ್ಯರು ಬರೆದಿದ್ದಾರೆ. ಹೊಟ್ಟೆಗೆ ಹೋದ ಆಮ್ಲವು ಅನ್ನನಾಳವನ್ನು ಸುಡುವುದಲ್ಲದೆ, ರಕ್ತಕ್ಕೆ ಸೇರಿ ರಕ್ತಕಣಗಳನ್ನು ಒಡೆದು ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ನೀರಿನ ಬಾಟಲಿಗೆ ಸುರಿದಿಟ್ಟ ಆಮ್ಲವನ್ನು ಬಾಯಾರಿದವನು ನೀರೆಂದೇ ಎತ್ತಿಕೊಳ್ಳಬಹುದು. ಮಕ್ಕಳ ವಿಷಯವನ್ನಂತೂ ಹೇಳಬೇಕಾಗಿಲ್ಲ. ಸಾಲದಿಂದಲೋ ಜಗಳದಿಂದಲೋ ಮನನೊಂದವರು ಗಳಿಗೆಯ ಆವೇಶದಲ್ಲಿ ಅದಕ್ಕೆ ಕೈ ಚಾಚುವುದೂ ಉಂಟು. ಆ ಗಳಿಗೆಯಲ್ಲಿ ಡಬ್ಬಿಯು ಬೀಗದೊಳಗಿದ್ದರೆ, ಆವೇಶ ಇಳಿಯುವುದಕ್ಕೂ ಮನೆಯವರು ಸಂತೈಸುವುದಕ್ಕೂ ಅವಕಾಶ ದೊರೆಯುತ್ತದೆ. ಎರಡು ಕಾಸಿನ ಬೀಗವು ಒಂದು ಜೀವವನ್ನು ಕಾಯಬಲ್ಲದು.

ಆದ್ದರಿಂದ ಮೂರು ನಿಯಮಗಳನ್ನು ಪ್ರತಿಯೊಂದು ಮನೆಯಲ್ಲಿಯೂ ಪಾಲಿಸಬೇಕು. ಮೊದಲನೆಯದು ಬೀಗ: ತೀಕ್ಷ್ಣ ಆಮ್ಲವು ವಾಸದ ಮನೆಯ ಹೊರಗೆ, ಗಾಳಿಯಾಡುವ ಕಡೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಎರಡನೆಯದು ಚೀಟಿ: ಅದು ಬಂದ ಡಬ್ಬಿಯಲ್ಲಿಯೇ ಇರಲಿ, ಡಬ್ಬಿಯ ಮೇಲೆ "ವಿಷ" ಎಂದು ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಇರಲಿ. ಮೂರನೆಯದು ನೀರು: ಯಜಮಾನನೇ ಬೆಳಗ್ಗೆ ಆ ದಿನಕ್ಕೆ ಬೇಕಾದಷ್ಟನ್ನು ನೀರಿಗೆ ಬೆರೆಸಿ, ತೆಳು ಆಮ್ಲವನ್ನು ಮಾತ್ರ ಆಳುಗಳ ಕೈಗೆ ಕೊಡಲಿ.

ಅಪಘಾತವಾದಾಗ

ಮೈಗೆ ಬಿದ್ದರೆ ಬಟ್ಟೆಯನ್ನು ಕಳಚಿ, ಧಾರಾಳವಾದ ನೀರಿನಿಂದ ಇಪ್ಪತ್ತು ನಿಮಿಷ ತೊಳೆಯಬೇಕು. ಸುಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಕೂಡದು. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಅಷ್ಟೇ ಕಾಲ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ನುಂಗಿದ್ದರೆ ಬಾಯಿಯನ್ನು ಮುಕ್ಕಳಿಸಿಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ವಾಂತಿ ಮಾಡಿಸಬಾರದು, ಹುಣಿಸೆನೀರು, ಸಾಬೂನಿನ ನೀರು, ಸೋಡಾಪುಡಿ ಯಾವುದನ್ನೂ ಕುಡಿಸಬಾರದು. ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಮುಖಂಡರ ಕರ್ತವ್ಯ

ರಬ್ಬರ್ ಉತ್ಪಾದಕರ ಸಂಘವಿರುವ ಗ್ರಾಮಗಳಲ್ಲಿ ತೀಕ್ಷ್ಣ ಆಮ್ಲವನ್ನು ಸಂಘದ ಕೋಣೆಯಲ್ಲಿಯೇ ಬೀಗದೊಳಗಿಟ್ಟು, ಸದಸ್ಯರಿಗೆ ತೆಳುವಾಗಿಸಿಯೇ ಕೊಡುವ ಏರ್ಪಾಡು ಮಾಡಬಹುದು. ಸಂಘವಿಲ್ಲದ ಕಡೆ ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯ ಡಬ್ಬಿಗೆ ಬೀಗ ಹಾಕಿ, ಆಮೇಲೆ ನೆರೆಮನೆಯ ಡಬ್ಬಿಯನ್ನು ವಿಚಾರಿಸಲಿ. ಬೆಲೆಯು ಏರಬಹುದು, ಇಳಿಯಬಹುದು. ಆದರೆ ಶೀಟು ಮಾಡುವ ಆಮ್ಲದಿಂದ ಯಾವ ಮನೆಯಲ್ಲಿಯೂ ಕಣ್ಣೀರು ಬರದಂತೆ ನೋಡಿಕೊಳ್ಳುವುದು ಗ್ರಾಮಸ್ಥರ ಕೈಯಲ್ಲಿಯೇ ಇದೆ.