ಕಲ್ಲಿನ ತಾಯಿ

ಅನ್ಯಲೋಕದ ಜೀವಿ ಎಂದೊಡನೆ ಹಲವರಿಗೆ ‘ಸ್ಟಾರ್ ಟ್ರೆಕ್’ ಮಾಲಿಕೆಯ ಚೂಪುಗಿವಿಯ ಸ್ಪಾಕ್ ನೆನಪಾಗುತ್ತಾನೆ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ, 1967ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಪ್ರಸಾರವಾದ ಅದರದೇ ಒಂದು ಕಂತಿನ ಹೋರ್ಟಾ. ಅದಕ್ಕೆ ಕಣ್ಣಿಲ್ಲ, ಮುಖವಿಲ್ಲ. ತೆವಳುವ ಬಂಡೆಯ ಮುದ್ದೆ. ಆ ವೇಷವನ್ನು ತಾನೇ ಸಿದ್ಧಪಡಿಸಿ, ಅದರೊಳಗೆ ಹುದುಗಿ ತೆವಳಿದವನು ಯಾನೋಶ್ ಪ್ರೊಹಾಸ್ಕಾ ಎಂಬ ನಟ.

ದೂರದ ಗ್ರಹವೊಂದರ ಗಣಿಯಲ್ಲಿ ಅದು ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತದೆ. ಬೇಟೆಗೆ ಹೊರಟವರೊಡನೆ ನಾನೂ ಅದರ ಸಾವನ್ನೇ ಬಯಸುತ್ತ ಕುಳಿತಿದ್ದೆ. ಆಗ ಸ್ಪಾಕ್, ಗಾಯಗೊಂಡ ಆ ಮೈಮೇಲೆ ಕೈಯಿರಿಸಿ ಅದರ ಅಂತರಂಗವನ್ನು ಹೊಗುತ್ತಾನೆ. ಅವನ ಬಾಯಿಂದ ಹೊರಡುವುದು ಅದರ ಗೋಳು. ಗಣಿಯವರು ಬರಿಯ ಗುಂಡುಕಲ್ಲೆಂದು ಒಡೆದುಹಾಕಿದ ಸಾವಿರಾರು ಉಂಡೆಗಳು ಅದರ ಮೊಟ್ಟೆಗಳು! ಕುಲವೆಲ್ಲ ಅಳಿದು, ಅವುಗಳನ್ನು ಕಾಯಲು ಉಳಿದವಳು ಅವಳೊಬ್ಬಳೇ. ‘ಅದು’ ಎನ್ನುತ್ತಿದ್ದ ನಾನು ‘ಅವಳು’ ಎಂದದ್ದು ಅಲ್ಲಿಂದಲೇ.

ಮರಿಗಳು ಸುರಂಗ ಕೊರೆಯುವುದು, ಮನುಷ್ಯರು ಅದಿರು ಬಾಚಿಕೊಳ್ಳುವುದು ಎಂಬ ಕೊನೆಯ ಒಪ್ಪಂದ ನನಗೆ ತುಸು ವ್ಯಾಪಾರದ ಮಾತೆನಿಸಿತು. ಆದರೆ ಗಣಿಯ ಅಧಿಕಾರಿಯ ಮೇಜನ್ನು ಮರೆಯಲಾರೆ. ಅದರ ಮೇಲೆ ಅಂಥದೊಂದು ಗುಂಡು ಮೊದಲಿನಿಂದಲೂ ಅಲಂಕಾರಕ್ಕೆಂದು ಇತ್ತು. ನಾನೂ ಅದನ್ನು ನೋಡಿದ್ದೆ.