ಬೆಲ್ಲದ ಪಾಕವನ್ನು ಇಳಿಸತಕ್ಕ ಹದ



100 ಕಿಲೋ ಕಬ್ಬಿನಿಂದ ದೊರೆಯುವ ಬೆಲ್ಲವು ಸುಮಾರು 10 ಕಿಲೋ ಮಾತ್ರ. ವರ್ಷದ ದುಡಿಮೆಯೆಲ್ಲವೂ ಆಲೆಮನೆಯ ಕಡೆಯ ಕೆಲವು ನಿಮಿಷಗಳಲ್ಲಿ ಉಳಿಯುವುದು ಇಲ್ಲವೆ ಕೆಡುವುದು. ಪಾಕವನ್ನು ಬೇಗ ಇಳಿಸಿದರೆ ಅಚ್ಚು ಗಟ್ಟಿಯಾಗದೆ ಮಳೆಗಾಲದಲ್ಲಿ ನೀರೊಡೆಯುವುದು. ತಡಮಾಡಿದರೆ ಸೀದು ಕಪ್ಪಾಗಿ ಬೆಲೆ ಕುಗ್ಗುವುದು. ಆದುದರಿಂದ ನೊರೆಯ ಬಣ್ಣವೊಂದನ್ನೇ ನಂಬತಕ್ಕದ್ದಲ್ಲ.

ಪಾಕವು ದಪ್ಪನಾದೊಡನೆ ಉರಿಯನ್ನು ತಗ್ಗಿಸಿ, ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಒತ್ತಿ ನೋಡಬೇಕು. ಕರಗಿ ಹರಡಿದರೆ ಇನ್ನೂ ಕಾಯಬೇಕು. ಗಟ್ಟಿಯಾಗಿ ಉಂಡೆಕಟ್ಟಿದರೆ ಹದ ಬಂದಿತೆಂದು ತಿಳಿಯತಕ್ಕದ್ದು. ಆಗ ಉಷ್ಣಮಾಪಕವು ಸುಮಾರು 118 ಡಿಗ್ರಿ ಸೆಂಟಿಗ್ರೇಡ್ ತೋರಿಸುವುದು. ಆ ಕ್ಷಣವೇ ಕೊಪ್ಪರಿಗೆಯನ್ನು ಇಳಿಸಿರಿ.

ಪ್ರತಿಯೊಂದು ಆಲೆಮನೆಯಲ್ಲಿಯೂ ಒಂದು ಉಷ್ಣಮಾಪಕವಿರುವಂತೆ ಮುಖಂಡರು ಏರ್ಪಡಿಸಬೇಕೆಂದು ಪ್ರಾರ್ಥಿಸುತ್ತೇನೆ.