ತಟ್ಟಿ ನೋಡಿ ಕೊಳ್ಳುವ ಪೆಟ್ಟಿಗೆ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕಿವಿಗೆ ಪಾಠ ಹೇಳಿದ್ದು ತೆಂಗಿನಕಾಯಿ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಟ್ಟರೆ ಒಳಗಿನ ನೀರು ಇಂಗಿ ತಿರುಳು ಕರಟದಿಂದ ಬಿಡುತ್ತದೆ. ಅಲ್ಲಾಡಿಸಿದಾಗ ಗಡಗಡ ಎಂದರೆ ಅದು ಉಂಡೆ ಕೊಬ್ಬರಿ. ಹೊರಗಿನ ಸಿಪ್ಪೆ ನೋಡಿ ಬೆಲೆ ಕಟ್ಟುವವನು ಈ ಸೀಮೆಯವನಲ್ಲ. ಹಳೆಯ ಸ್ಟೀರಿಯೋ ರಿಸೀವರ್ ಕೊಳ್ಳಹೊರಟವನಿಗೂ ಬೇಕಾದದ್ದು ಇದೇ ವಿದ್ಯೆ.

ಈ ನಾಡಿಗೂ ರೇಡಿಯೋಗೂ ಇರುವ ನಂಟು ಹಳೆಯದು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕಿದ್ದ ಕಾಲವದು. ಆ ಪದ್ಧತಿ ಕೊನೆಗೊಂಡದ್ದು 1980ರ ದಶಕದಲ್ಲಿ.

ಆದರೆ ಆ ರೇಡಿಯೋಗಳು ಒಂದೇ ಬಾಯಿಯವು. ಎರಡು ಕಿವಿಗೆ ಎರಡು ದನಿ ಬೇಕೆಂಬ ವಿಚಾರವನ್ನು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲೇ ಪೇಟೆಂಟಿಗೆ ಕೊಟ್ಟಿದ್ದರೂ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬರಲು 1950ರ ದಶಕದ ಕೊನೆಯಾಯಿತು. ಅಮೆರಿಕದಲ್ಲಿ ಸ್ಟೀರಿಯೋ ಎಫ್‌ಎಂ ಪ್ರಸಾರ 1961ರಲ್ಲಿ ಮೊದಲಾಯಿತು. ರೇಡಿಯೋ ಟ್ಯೂನರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ, ಸ್ಪೀಕರುಗಳನ್ನು ಹೊರಗೆ ಬಿಟ್ಟದ್ದೇ ರಿಸೀವರ್. 1970ರ ದಶಕದಲ್ಲಿ ಪಯೋನಿಯರ್, ಸಾನ್ಸುಯಿ, ಮರಾಂಟ್ಜ್ ಹೆಸರಿನ ಭಾರಿ ತೂಕದ ಪೆಟ್ಟಿಗೆಗಳು ಲೋಕಪ್ರಸಿದ್ಧವಾದವು. ಆಮದು ಸುಂಕ ವಿಪರೀತವಾಗಿದ್ದ ನಮ್ಮಲ್ಲಿಗೆ ಪರದೇಶದಿಂದ ಮರಳಿದವರ ಗಂಟಿನೊಂದಿಗೆ ಕೆಲವು ಬಂದವು. ಎಲ್‌ಪಿ ತಟ್ಟೆಗಳ ಮೋಹ ಮತ್ತೆ ಚಿಗುರಿದ ಮೇಲೆ ಅವಕ್ಕೂ ಬೆಲೆ ಬಂದಿದೆ.

ಕೊಳ್ಳುವವನು ಮೊದಲು ನೋಡಬೇಕಾದದ್ದು ಪೆಟ್ಟಿಗೆಯ ಬೆನ್ನು. ಅಮೆರಿಕದ ವಿದ್ಯುತ್ 120 ವೋಲ್ಟ್, ಜಪಾನಿನದು 100, ನಮ್ಮದು 230. ವೋಲ್ಟೇಜ್ ಬದಲಿಸುವ ವ್ಯವಸ್ಥೆ ಇಲ್ಲದ ಪರದೇಶಿ ಪೆಟ್ಟಿಗೆಯನ್ನು ನೇರ ಗೋಡೆಗೆ ಸಿಕ್ಕಿಸಿದರೆ ಕ್ಷಣದಲ್ಲಿ ಸುಟ್ಟೀತು. ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಎರಡನೆಯದು ಎಫ್‌ಎಂ ಪಟ್ಟಿ. ಜಪಾನಿನ ಒಳಮಾರುಕಟ್ಟೆಗೆಂದೇ ಮಾಡಿದ ಆ ಕಾಲದ ರಿಸೀವರುಗಳು 76ರಿಂದ 90 ಮೆಗಾಹರ್ಟ್ಜ್ ವರೆಗೆ ಮಾತ್ರ ಹಿಡಿಯುತ್ತವೆ. ನಮ್ಮ ಎಫ್‌ಎಂ ಇರುವುದು 88ರಿಂದ 108ರ ನಡುವೆ. ಹೊಳೆಯುವ ಮುಖ ನೋಡಿ ಕೊಂಡವನಿಗೆ ನಮ್ಮ ಬಹುಪಾಲು ಕೇಂದ್ರಗಳು ದಕ್ಕುವುದಿಲ್ಲ.

ಇನ್ನು ಒಳಗಿನ ಸಂಗತಿ. ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳೊಳಗೆ ಒಂದು ದ್ರಾವಣವಿರುತ್ತದೆ. ನಲವತ್ತೈವತ್ತು ವರ್ಷಗಳಲ್ಲಿ, ಬಿಸಿ ತಾಗಿದಲ್ಲಿ ಇನ್ನೂ ಬೇಗ, ಅದು ಒಣಗುತ್ತದೆ. ಕಾಯೊಳಗಿನ ನೀರು ಇಂಗಿದರೆ ಕೊಬ್ಬರಿಯ ಬೆಲೆ. ಇದರ ನೀರು ಇಂಗಿದರೆ ಗುಜರಿಯ ಬೆಲೆ. ದನಿ ಪೂರ್ತಿ ಇಳಿಸಿದಾಗಲೂ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದಿದ್ದರೆ ಮೊದಲ ಅನುಮಾನ ಇದರ ಮೇಲೆ. ವರ್ಷಗಟ್ಟಲೆ ಅಟ್ಟದಲ್ಲಿ ಮಲಗಿದ್ದ ಪೆಟ್ಟಿಗೆಗೆ ಒಮ್ಮೆಲೇ ವಿದ್ಯುತ್ ಕೊಡಬಾರದು. ಅನುಭವಿ ಮೆಕ್ಯಾನಿಕ್ ಮೊದಲು ತಂತಿಯ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ ನೋಡುತ್ತಾನೆ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ. ಪ್ರಖರವಾಗಿಯೇ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ.

ಸ್ಪೀಕರ್ ಜೋಡಿಸುವ ಮುನ್ನ ಅದರ ತುದಿಗಳಿಗೆ ಮಲ್ಟಿಮೀಟರ್ ಇಟ್ಟು ಡಿಸಿ ಅಳೆಯಬೇಕು. ಶೂನ್ಯದ ಹತ್ತಿರ, ಸುಮಾರು 50 ಮಿಲಿವೋಲ್ಟಿನೊಳಗೆ ಇದ್ದರೆ ನೆಮ್ಮದಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಸ್ಪೀಕರಿಗೆ ಕುತ್ತು. ಆಮೇಲೆ ಎಡ, ಬಲ ಎರಡೂ ಕಡೆ ದನಿ ಸಮವಾಗಿದೆಯೇ ಎಂದು ಆಲಿಸಬೇಕು. ಗುಂಡಿ ತಿರುಗಿಸುವಾಗ ಬರುವ ಕರಕರ ದೊಡ್ಡ ರೋಗವಲ್ಲ, ಸಾಮಾನ್ಯವಾಗಿ ಕೊಳೆ. ಇಲ್ಲಿ ಒಂದು ಎಚ್ಚರಿಕೆ: ಈ ಸೀಮೆಯಲ್ಲಿ ಎಲ್ಲಕ್ಕೂ ಮದ್ದು ಕೊಬ್ಬರಿ ಎಣ್ಣೆ. ವಾಲ್ಯೂಮ್ ಗುಂಡಿಗೆ ಮಾತ್ರ ಅದು ಬೇಡ. ಅಂಟಾಗಿ ಧೂಳು ಹಿಡಿಯುತ್ತದೆ. ಅದಕ್ಕೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಬೇಕು.

ವ್ಯಾಟ್ ಅಂಕಿಗೂ ಮರುಳಾಗಬೇಕಿಲ್ಲ. ತಯಾರಕರು ಬಾಯಿಗೆ ಬಂದ ಅಂಕಿ ಹಾಕುವುದನ್ನು ತಡೆಯಲು ಅಮೆರಿಕ ಸರಕಾರವೇ 1974ರಲ್ಲಿ ನಿಯಮ ತರಬೇಕಾಯಿತು. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು ಮೂರು ಡೆಸಿಬಲ್ ಮಾತ್ರ. ಕಿವಿಗೆ ಅದು ಸಣ್ಣ ಏರಿಕೆ. ನಡುಮನೆಗೆ 20–30 ವ್ಯಾಟ್ ಧಾರಾಳ. ಪಂಪ್‌ಸೆಟ್ಟುಗಳು ಒಟ್ಟಿಗೆ ತಿರುಗಿದಾಗ ವೋಲ್ಟೇಜ್ ಕುಸಿಯುವ ಊರಿನಲ್ಲಿ ಆ ಹಣವನ್ನು ಒಳ್ಳೆಯ ಸ್ಟೆಬಿಲೈಸರಿಗೆ ಹಾಕುವುದು ಜಾಣತನ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಸಂಡೇ ಬಜಾರಿನಲ್ಲೋ ಚೌಕಾಸಿಗೆ ನಿಂತವನು ಪೆಟ್ಟಿಗೆಯ ಬೆಲೆಗೆ ರಿಪೇರಿಯ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಕೊಬ್ಬರಿಯ ದರ ಏರಿದ ವರ್ಷ ಕೈ ಸಡಿಲವಾಗುವುದು ಸಹಜ; ಇಳಿದ ವರ್ಷ ಅದೇ ಪೆಟ್ಟಿಗೆ ಮನೆಯವರ ಕಣ್ಣು ಚುಚ್ಚುತ್ತದೆ. ಎಲ್ಲಕ್ಕಿಂತ ಮೊದಲು ಬೇಕಾದದ್ದು, ಬೆಸುಗೆಯ ಕಡ್ಡಿ ಹಿಡಿಯಬಲ್ಲ ಒಬ್ಬ ಮೆಕ್ಯಾನಿಕ್. ಅಂಥವರು ವಿರಳವಾಗುತ್ತಿದ್ದಾರೆ. ಊರಿನಲ್ಲಿ ಒಬ್ಬರು ಉಳಿದಿದ್ದರೆ ಕೊಳ್ಳುವ ದಿನವೇ ಅವರನ್ನು ಜೊತೆಗೆ ಕರೆದೊಯ್ಯಬೇಕು. ತಂದೆ ಕೂಡಿಟ್ಟ ತಟ್ಟೆಗಳು ಮನೆಯಲ್ಲಿ ಮತ್ತೆ ಹಾಡುವುದೋ ಅಟ್ಟದಲ್ಲೇ ಮೂಕವಾಗಿ ಉಳಿಯುವುದೋ ಎಂಬುದು ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಅವರ ಕೈಯಲ್ಲೇ ಇದೆ.